ಮಕ್ಕಳ ಮನಶ್ಶಾಸ್ತ್ರಜ್ಞರಾಗಬೇಕೆ? ಹೀಗೆ ಶುರು ಮಾಡಿ

ಮಕ್ಕಳು, ಮನೆ, ಶಾಲೆ ಮೂರನ್ನೂ ಬಲ್ಲ ಮನಶ್ಶಾಸ್ತ್ರಜ್ಞರು ನಮ್ಮ ಕಡೆ ತುಂಬಾ ಬೇಕಾಗಿದ್ದಾರೆ. ಪದವಿ ಮುಗಿಸಿದವರು ಹೀಗೆ ಮುಂದುವರಿಯಬಹುದು.

ಮೊದಲು ಮನೋವಿಜ್ಞಾನದಲ್ಲಿ ಎಂ.ಎ., ಎರಡು ವರ್ಷ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದರ ವಿಭಾಗವಿದೆ. ಊರು ಬಿಡಲು ಆಗದವರಿಗೆ ಮೊದಲು ದೂರಶಿಕ್ಷಣದ ಇಗ್ನೊ ವಿಶ್ವವಿದ್ಯಾಲಯ ಇತ್ತು, ಆದರೆ 2025ರಿಂದ ಮನೋವಿಜ್ಞಾನಕ್ಕೆ ದೂರಶಿಕ್ಷಣದಲ್ಲಿ ಹೊಸದಾಗಿ ಸೇರುವಂತಿಲ್ಲ. ಎರಡನೇ ವರ್ಷ ಆಯ್ಕೆ ಇದ್ದರೆ ಆಪ್ತಸಮಾಲೋಚನೆಯ (ಕೌನ್ಸೆಲಿಂಗ್) ಗುಂಪು ಆರಿಸಿಕೊಳ್ಳಿ. ಇಂಟರ್ನ್‌ಶಿಪ್ ಅನ್ನು ಸಹಿಗಾಗಿ ಸುಮ್ನೆ ಮುಗಿಸಬೇಡಿ. ತಪ್ಪು ತಿದ್ದುವ ಹಿರಿಯರು ಇರುವ ಕಡೆಯೇ ಹೋಗಿ.

ಆಮೇಲೆ ಮಕ್ಕಳ ಮಾನಸಿಕ ಪರೀಕ್ಷೆ ಮಾಡುವುದನ್ನು ಕಲಿಯಿರಿ. ಇಲ್ಲಿ ಜಾಸ್ತಿ ಹೊತ್ತು ಕೊಡಿ. ಬುದ್ಧಿಮತ್ತೆ ಅಳೆಯುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಹೊಂದಿಸಿದರು. ಅದು ಆಗಲೇ ನಮ್ಮ ಮುಂಬೈ-ಕರ್ನಾಟಕದ (ಈಗಿನ ಕಿತ್ತೂರು ಕರ್ನಾಟಕ) ಕಥೆ, ಅಲ್ವಾ? ಬೆಳಗಾವಿಯ ಮಗು ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡಬಹುದು. ಪ್ರಶ್ನೆಯ ಭಾಷೆಯೇ ತಿಳಿಯದೆ ಕಡಿಮೆ ಅಂಕ ಬಂದರೆ ಮಗುವಿಗೆ 'ದಡ್ಡ' ಎಂಬ ಹಣೆಪಟ್ಟಿ ಅಂಟುತ್ತದೆ. ಅದಕ್ಕೇ ಪರೀಕ್ಷೆಗೆ ಮೊದಲು ಮಗು ಯಾವ ಭಾಷೆಯಲ್ಲಿ ಆಡುತ್ತದೆ, ಯಾವುದರಲ್ಲಿ ಅಳುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕಣ್ಣು, ಕಿವಿ ತಪಾಸಣೆ ಆಗಿದೆಯೇ ನೋಡಿ.

ಮನೆಯವರ ಮಾತು ಕೇಳುವುದೂ ಒಂದು ವಿದ್ಯೆ. ತಂದೆ-ತಾಯಿ ಗುಳೆ ಹೋಗಿದ್ದರೆ ಮಗುವಿನ ದಿನಚರಿ ಗೊತ್ತಿರುವುದು ಅಜ್ಜಿಗೆ. ಅವರ ಮುಂದೆ ಫಾರಂ ಹಿಡಿಯಬೇಡಿ. 'ಯವ್ವಾ, ಹುಡುಗ ರಾತ್ರಿ ಛಲೋ ನಿದ್ದಿ ಮಾಡ್ತಾನೇನ್ರಿ?' ಎಂದು ಶುರು ಮಾಡಿ.

ಕಾನೂನೂ ಗೊತ್ತಿರಲೇಬೇಕು. ಮಗು ಹೇಳಿದ ಗುಟ್ಟು ನಿಮ್ಮಲ್ಲೇ ಉಳಿಯಬೇಕು, ನಿಜ. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದನ್ನು ಮಗುವಿಗೆ ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ಮೊದಲೇ ಹೇಳಿಬಿಡಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416, ಎರಡೂ ನಾಲಿಗೆಯ ಮೇಲಿರಲಿ.

ಇನ್ನು, ಎಂ.ಎ. ಮುಗಿದ ಕೂಡಲೇ 'ಕ್ಲಿನಿಕಲ್ ಸೈಕಾಲಜಿಸ್ಟ್' (ಮಾನಸಿಕ ತೊಂದರೆ ಗುರುತಿಸಿ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞ) ಎಂದು ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮತ್ತು ಅದರ ನೋಂದಣಿ ಬೇಕು. ಮಾನಸಿಕ ಆರೋಗ್ಯದ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಕಡೆ ವಿಚಾರಿಸಿ. ಈಚೆಗೆ ಈ ಕೋರ್ಸುಗಳ ಹೆಸರು ಬದಲಾಗುತ್ತಿವೆ. ಫೀ ಕಟ್ಟುವ ಮುಂಚೆ, ಸೇರಲಿರುವ ಸಂಸ್ಥೆ ಮತ್ತು ಕೋರ್ಸು ಎರಡೂ ಪರಿಷತ್ತಿನ ಪಟ್ಟಿಯಲ್ಲಿವೆಯೇ ಎಂದು ನೀವೇ ನೋಡಿಕೊಳ್ಳಿ.