ದಾವಣಗೆರೆಯಿಂದಲೇ ತಿಂಗಳ ಗುತ್ತಿಗೆ: ನನ್ನ ಅನುಭವ

ನನ್ನದು ಗಿರಾಕಿಗಳ ವೆಬ್‌ಸೈಟ್, ಆನ್‌ಲೈನ್ ಅಂಗಡಿ ನೋಡಿಕೊಳ್ಳೋ ಕೆಲಸ. ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟ್ (ಇಡೀ ಕೆಲಸಕ್ಕೆ ಒಂದೇ ದರ) ಬಿಟ್ಟು ತಿಂಗಳ ರಿಟೇನರ್ (ತಿಂಗಳಿಗೆ ಇಷ್ಟು ಗಂಟೆ ಅಂತ ಗುತ್ತಿಗೆ) ಮಾತ್ರ ಮಾಡ್ತೀನಿ, ದುಡ್ಡು ಮುಂಗಡ ಅಂದಾಗ ಫೀಲ್ಡಿನವರೆಲ್ಲ "ದಾವಣಗೆರೆಯಲ್ಲಿ ಕೂತು ಹಿಂಗಂದ್ರೆ ಯಾರು ಕೊಡ್ತಾರಪ್ಪ" ಅಂದಿದ್ರು. ಈಗ ಏಳೆಂಟು ಗಿರಾಕಿಗಳಿದ್ದಾರೆ, ಹೆಚ್ಚಿನವರು ಇಂಗ್ಲೆಂಡ್, ಅಮೆರಿಕದವರು. ಐದನೇ ತಾರೀಖಿನೊಳಗೆ ದುಡ್ಡು ಬಂದಿರುತ್ತೆ.

ಫಿಕ್ಸೆಡ್ ಪ್ರೈಸ್‌ನಲ್ಲಿ ಸಾಯಿಸೋದು ಕೊನೆಯ ಕಂತು. 60 ಗಂಟೆ ಅಂತ ಹಿಡಿದ ಕೆಲಸ ಸಣ್ಣ ಸಣ್ಣ ಚೇಂಜ್‌ಗಳಲ್ಲೇ 100 ದಾಟುತ್ತೆ. ಸೈಟ್ ಜನರಿಗೆ ತೆರೆಯೋದು (ಗೋ-ಲೈವ್) ಗಿರಾಕಿ ಕೈಯಲ್ಲಿರೋದ್ರಿಂದ ಉಳಿದ ಶೇ 30 ಅಲ್ಲೇ ನೇತಾಡುತ್ತೆ. ನನ್ನ ರಿಟೇನರ್ 12 ಗಂಟೆಗೆ ಸುಮಾರು 400 ಡಾಲರ್. ಉಳಿದ ಗಂಟೆ ಮುಂದಿನ ತಿಂಗಳಿಗೆ ಹೋಗಲ್ಲ. ಹೊಸ ಫೀಚರ್‌ಗೆ ಬೇರೆ ಕೊಟೇಶನ್, ಅರ್ಧ ಮೊದಲೇ.

ಗಂಟೆ ತೋರಿಸಿದರೆ ಗಿರಾಕಿ ಚೌಕಾಸಿಗೆ ಇಳೀತಾನೆ. ರಿಸ್ಟೋರ್, ಅಂದ್ರೆ ಬ್ಯಾಕಪ್‌ನಿಂದ ಸೈಟ್ ಮತ್ತೆ ಎದ್ದು ನಿಲ್ಲೋದನ್ನ, ತೋರಿಸಿದರೆ ಸುಮ್ಮನೆ ಕೊಡ್ತಾನೆ. ಪ್ರತಿ ತಿಂಗಳು ಹಿಂದಿನ ರಾತ್ರಿಯ ಬ್ಯಾಕಪ್ ಅನ್ನು ಬೇರೆ ಸರ್ವರ್‌ಗೆ ಎತ್ತಿ, ಒಂದು ಟೆಸ್ಟ್ ಆರ್ಡರ್ ಹಾಕಿ, ಸ್ಕ್ರೀನ್‌ಶಾಟ್ ಜೊತೆಗೇ ಇನ್ವಾಯ್ಸ್ ಕಳಿಸ್ತೀನಿ. ರಿಸ್ಟೋರ್ ಕೆಡೋದು ಬಹುತೇಕ ಮೂರು ಕಡೆ: ಡಿಸ್ಕ್ ತುಂಬಿ ಡಂಪ್ (ಡೇಟಾಬೇಸ್ ನಕಲು) ಅರ್ಧಕ್ಕೇ ತುಂಡಾಗಿರುತ್ತೆ, ಅಪ್‌ಲೋಡ್ಸ್ ಫೋಲ್ಡರ್ ಬಿಟ್ಟುಹೋಗಿರುತ್ತೆ, ಇಲ್ಲವೇ ಸೈಟ್ ಓಡಿಸೋ ಪಿಎಚ್‌ಪಿ ವರ್ಷನ್ ಬೇರೆ ಇರುತ್ತೆ. ಟೆಸ್ಟ್ ಸರ್ವರ್‌ನಲ್ಲಿ ಮೇಲ್ ಮತ್ತು ಪೇಮೆಂಟ್ ಲೈವ್ ಕೀ (ಅಸಲಿ ಸೇವೆಗೆ ಜೋಡಿಸೋ ಗುಪ್ತ ಸಂಕೇತ) ಮೊದಲು ತೆಗೀರಿ, ಇಲ್ಲದಿದ್ರೆ ಅಸಲಿ ಗ್ರಾಹಕರಿಗೇ ಮೇಲ್ ಹೋಗುತ್ತೆ. ಇದನ್ನೆಲ್ಲ ಒಂದೇ ಕಮಾಂಡ್‌ನಲ್ಲಿ ಮುಗಿಸೋ ಸ್ಕ್ರಿಪ್ಟ್ ಇದೆ, ಅದನ್ನ ಇಲ್ಲಿ ಹಾಕಲ್ಲ. ಮೊದಲ ಗಿರಾಕಿಗಳನ್ನ ಎಲ್ಲಿ ಹಿಡಿದೆ ಅನ್ನೋದೂ ನನ್ನಲ್ಲೇ ಇರಲಿ.

ಕರೆಂಟ್ ಬಗ್ಗೆ ಒಂದು ಮಾತು. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿರಲಿ. ಸಾದಾ ಮೋಡ್‌ನಲ್ಲಿ ಬದಲಾಗೋಕೆ ತಗೊಳ್ಳೋ ಸಮಯಕ್ಕೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ರೂಟರ್‌ಗೆ, ಫೈಬರ್ ಡಬ್ಬಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಏರಿಯಾ ಪೂರ್ತಿ ಬೆಸ್ಕಾಂ ಲೈನ್ ಹೋದಾಗ ಫೈಬರ್‌ನವರ ಬಾಕ್ಸೂ ಸಾಯುತ್ತೆ, ಅದಕ್ಕೇ ಮೊಬೈಲ್ ಡೇಟಾ ಬೇರೆ ಕಂಪನಿಯದ್ದಿರಬೇಕು.

ದುಡ್ಡಿನ ಸೋರಿಕೆ ದೊಡ್ಡದು. 400 ಡಾಲರ್ ವೈರ್ (ವಿದೇಶದಿಂದ ಬ್ಯಾಂಕ್ ವರ್ಗಾವಣೆ) ಮಾಡಿಸಿದರೆ ನಡುವಿನ ಬ್ಯಾಂಕ್ 15-25 ಡಾಲರ್ ನುಂಗುತ್ತೆ, ಮೇಲೆ ರೇಟ್‌ನಲ್ಲೂ ಕಡಿತ. ಇಷ್ಟು ಸಣ್ಣ ಮೊತ್ತಕ್ಕೆ ಗಿರಾಕಿಯ ದೇಶದಲ್ಲೇ ಕಲೆಕ್ಷನ್ ಖಾತೆ ಕೊಡೋ ಸೇವೆ ವಾಸಿ. ತಿಂಗಳಿಗೊಂದು ಎಫ್‌ಐಆರ್‌ಎ (ವಿದೇಶದಿಂದ ಹಣ ಬಂದಿದ್ದಕ್ಕೆ ದಾಖಲೆ ಪತ್ರ) ತಪ್ಪದೆ ಇಳಿಸಿಕೊಳ್ಳಿ. ರಫ್ತೂ ಸೇರಿ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎಲ್‌ಯುಟಿ (ಜಿಎಸ್‌ಟಿ ಕಟ್ಟದೆ ರಫ್ತು ಮಾಡೋಕೆ ಕೊಡೋ ಮುಚ್ಚಳಿಕೆ) ಪ್ರತಿ ಆರ್ಥಿಕ ವರ್ಷಕ್ಕೂ ಹೊಸದು. ಇಲ್ಲಿನ ಕಂಪನಿಗಳ ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿ ತೋರಿಸಿ. ಹಾಗೆ ತೋರಿಸಿದರೆ ಟಿಡಿಎಸ್ (ದುಡ್ಡು ಕೊಡೋವಾಗಲೇ ಹಿಡಿಯೋ ತೆರಿಗೆ) ಮೂಲ ಮೊತ್ತದ ಮೇಲೆ ಮಾತ್ರ, ಆದರೂ ಕೆಲವು ಅಕೌಂಟೆಂಟ್‌ಗಳು ಪೂರ್ತಿ ಮೊತ್ತಕ್ಕೆ ಹಿಡೀತಾರೆ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟೋ (1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ) ಲೆಕ್ಕದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಮಾರ್ಚ್ 15ಕ್ಕೆ ಒಂದೇ ಕಂತು. ಆ ತೆರಿಗೆಯಷ್ಟನ್ನ ತಿಂಗಳಾ ತಿಂಗಳಾ ಬೇರೆ ಖಾತೆಗೆ ಎತ್ತಿಡ್ತೀನಿ.

ಪಕ್ಕದಲ್ಲಿ ಇನ್ನೊಂದು ಪ್ರಯೋಗ ನಡೆಸಿದೆ: ಮೆಕ್ಕೆಜೋಳ ಖರೀದಿದಾರರ ವೇಬ್ರಿಡ್ಜ್‌ನಿಂದ (ಲಾರಿ ತೂಗೋ ಕಾಟಾ) ತೂಕ ನೇರ ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್‌ಗೆ. ತೂಕ ತೋರಿಸೋ ಇಂಡಿಕೇಟರ್‌ನ ಆರ್‌ಎಸ್-232 ಪೋರ್ಟ್‌ಗೆ ಯುಎಸ್‌ಬಿ ಕನ್ವರ್ಟರ್, ಬಾಡ್ ರೇಟ್ (ಡೇಟಾ ವೇಗ) 2400 ಅಥವಾ 9600. ಅಕ್ಷರ ಕಲಸಿಹೋದರೆ 8 ಬಿಟ್ ಬದಲು 7 ಬಿಟ್ ಹಾಕಿ ನೋಡಿ. ಕೇಬಲ್ 15 ಮೀಟರ್ ದಾಟಿದರೆ ನಡುವೆ ದೂರಕ್ಕೆ ಎಳೆಯೋ ಆರ್‌ಎಸ್-485 ಬೇಕು. ಲಾರಿ ಅಲುಗಾಡ್ತಿರೋವರೆಗೂ ಅಂಕಿ ಕುಣೀತಿರುತ್ತೆ, ಏಳೆಂಟು ಸಲ ಒಂದೇ ತೂಕ ಬಂದ ಮೇಲಷ್ಟೇ ತಗೊಂಡು, ಟ್ಯಾಲಿಯ ಪೋರ್ಟ್ 9000ಕ್ಕೆ ಎಕ್ಸ್‌ಎಂಎಲ್ ರೂಪದಲ್ಲಿ ಕಳಿಸಬೇಕು. ಒಂದು ಸೆಟಪ್‌ಗೆ 25 ಸಾವಿರದ ಆಸುಪಾಸು ಸಿಕ್ತು. ಎಎಂಸಿ (ವಾರ್ಷಿಕ ನಿರ್ವಹಣೆ) ದುಡ್ಡನ್ನ ಸೆಪ್ಟೆಂಬರ್‌ನಲ್ಲೇ ಕೇಳಿ. ಜೋಳದ ಲಾರಿ ಸಾಲುಗಟ್ಟಿದ ಮೇಲೆ ಅವರು ಫೋನ್ ಎತ್ತಲ್ಲ.