ಸ್ಟ್ರೇಟ್ನಿಂಗ್ ಬಿಟ್ಟು ಗುಂಗುರು ಕೂದಲಿಗೆ ಮರಳುವವರಿಗೆ

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಭುಜದ ತನಕ ಬರಲು ಎರಡು ವರ್ಷದ ಮೇಲೇ ಬೇಕು. ಅಷ್ಟು ದಿನ ಬುಡದಲ್ಲಿ ಗುಂಗುರು, ತುದಿಯಲ್ಲಿ ನೇರ. ಕನ್ನಡಿ ನೋಡಿದರೆ ಬೇಜಾರಾಗುವುದು ಸಹಜ ಅಲ್ವಾ?

ಸ್ಟ್ರೇಟ್ನಿಂಗ್ ಕೆಮಿಕಲ್ ತಾಗಿದ ಭಾಗ ಮತ್ತೆ ಗುಂಗುರಾಗುವುದಿಲ್ಲ. ಯಾವ ಎಣ್ಣೆ ಹಚ್ಚಿದರೂ ಅಷ್ಟೇ, ಸುಮ್ನೆ ದುಡ್ಡು ದಂಡ. ಗುಂಗುರು, ನೇರ ಎರಡೂ ಸೇರುವ ಜಾಗದಲ್ಲಿ ಕೂದಲು ಬೇಗ ಮುರಿಯುತ್ತದೆ. ಕಂಡಿಷನರ್ ಹಾಕಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ.

ಮನಸ್ಸು ಜಾಸ್ತಿ ಸೋಲುವುದು ಮಳೆಗಾಲದಲ್ಲಿ. ಚಿಕ್ಕಮಗಳೂರಿನ ಜುಲೈ ಗೊತ್ತಲ್ಲ, ಬಟ್ಟೆಯೇ ಒಣಗಲ್ಲ. ಕೂದಲು ತೇವ ಹೀರಿ ಉಬ್ಬಿ ನಿಲ್ಲುತ್ತದೆ. ಆಗ ಪಾರ್ಲರ್‌ಗೆ ಫೋನ್ ಮಾಡಬೇಡಿ. ಸಡಿಲವಾಗಿ ಜಡೆ ಹಾಕಿಕೊಳ್ಳಿ, ತೀರ್ಮಾನ ಏನಿದ್ದರೂ ಮಳೆ ನಿಂತ ಮೇಲೆ.

ಆಮೇಲೆ ಮದುವೆ ಮನೆ. "ಏನಮ್ಮಾ, ತಲೆ ಬಾಚಿಲ್ವಾ?" ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ಉತ್ತರ ಮೊದಲೇ ಇಟ್ಟುಕೊಳ್ಳಿ: "ನನ್ನ ಕೂದಲೇ ಹೀಗೆ ಅತ್ತೆ, ಊಟ ಆಯ್ತಾ?" ವಿವರಣೆ ಕೊಡಲು ಹೋದರೆ ಅದು ವಾದವಾಗುತ್ತದೆ. ಹತ್ತಿರದವರು ಹೇಳಿದರೆ ನೋವಾಗುತ್ತದೆ, ಅದನ್ನು ಮುಚ್ಚಿಡಬೇಡಿ. ಅಮ್ಮನಿಗೆ ನೇರವಾಗಿ ಹೇಳಿ, "ಈ ವರ್ಷ ನನ್ನ ಕೂದಲ ಬಗ್ಗೆ ಮಾತು ಬೇಡ" ಅಂತ.

ಒಂದೇ ಸಲ ಮೋಟು ಕತ್ತರಿಸಿದರೆ ಬೇಗ ಮುಗಿಯುತ್ತದೆ, ನಿಜ. ಮನಸ್ಸಿಲ್ಲದಿದ್ದರೆ ಬೇಡ. ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಹೋದರೂ ಸಾಕು. ಬುಡದಿಂದಲೇ ಗೊಂಚಲಾಗಿ ಉದುರುತ್ತಿದ್ದರೆ ಮಾತ್ರ ಚರ್ಮದ ಡಾಕ್ಟರಿಗೆ ತೋರಿಸಿ.