ಕಲಾಶಾಲೆ ಮುಗಿದ ಮೇಲೆ: ಓದಿನ ವರ್ಷಗಳನ್ನು ಲೆಕ್ಕ ಹಾಕಿ ವೃತ್ತಿ ಕಟ್ಟಿಕೊಳ್ಳುವ ಬಗೆ

ದೃಶ್ಯಕಲೆಯ ನಾಲ್ಕು ವರ್ಷದ ಪದವಿ ಮುಗಿಸಿ, ಕೊನೆಯ ಡಿಸ್‌ಪ್ಲೇ ಇಳಿಸಿ, ಕ್ಯಾನ್ವಾಸುಗಳನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಊರಿಗೆ ಸಾಗಿಸಿದ ಮರುವಾರವೇ ಮುಂದೇನು ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಹುಡುಕುವ ಅವಸರದಲ್ಲಿ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹಿಂದೆ ಉಳಿದುಬಿಡುತ್ತದೆ: ಕಾಲೇಜು ನನಗೆ ಏನನ್ನು ಒದಗಿಸುತ್ತಿತ್ತು, ಅದರಲ್ಲಿ ಯಾವುದು ಗೇಟು ದಾಟಿದೊಡನೆ ನಿಂತುಹೋಯಿತು? ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಕಲಬುರಗಿ ಮತ್ತು ಗದಗಿನ ಕಲಾಶಾಲೆಗಳಿಂದ ಹೊರಬಿದ್ದು ಹತ್ತಿಪ್ಪತ್ತು ವರ್ಷ ಕಳೆದವರನ್ನು ಮಾತಿಗೆಳೆದರೆ ಅವರು ಪಾಠಗಳ ಬಗ್ಗೆ ಹೇಳುವುದು ಕಡಿಮೆ. ಸಂಜೆ ಕಳೆದರೂ ತೆರೆದಿರುತ್ತಿದ್ದ ಸ್ಟುಡಿಯೋ, ಪಕ್ಕದ ಈಸಲಿನ ಗೆಳೆಯ, ಕೆಲಸಗಳನ್ನು ಪರೀಕ್ಷಕರ ಮುಂದಿಡಬೇಕಾದ ಜ್ಯೂರಿಯ ತಪ್ಪಿಸಿಕೊಳ್ಳಲಾಗದ ದಿನಾಂಕ, ದಾಕ್ಷಿಣ್ಯವಿಲ್ಲದೆ ಟೀಕಿಸುತ್ತಿದ್ದ ಒಬ್ಬ ಮೇಷ್ಟ್ರು, ಇವನ್ನೇ ಅವರು ಮತ್ತೆ ಮತ್ತೆ ನೆನೆಯುತ್ತಾರೆ. ಪದವಿಯ ನಂತರದ ಮೊದಲ ಎರಡು ಮೂರು ವರ್ಷಗಳಲ್ಲಿ ಮಾಡಬೇಕಾದ ಮುಖ್ಯ ಕೆಲಸವೆಂದರೆ ಜಾಗ, ಜೊತೆ, ಗಡುವು, ಟೀಕೆ ಎಂಬ ಈ ನಾಲ್ಕನ್ನೂ ಸ್ವಂತ ಖರ್ಚಿನಲ್ಲಿ ಮರಳಿ ಹೊಂದಿಸಿಕೊಳ್ಳುವುದು ಎಂದು ನಾನು ತಿಳಿದಿದ್ದೇನೆ.

ಮೊದಲು ಲೆಕ್ಕ. ಮೊದಲ ವರ್ಷವಾದ ಫೌಂಡೇಶನ್‌ನಿಂದ ಹಿಡಿದು ಉಳಿದಿರುವ ಎಲ್ಲ ಕೆಲಸಗಳನ್ನೂ, ಸ್ಕೆಚ್‌ಬುಕ್ಕುಗಳನ್ನೂ ಒಂದೇ ಕೋಣೆಯಲ್ಲಿ ಹರಡಿಕೊಂಡು, ಪ್ರತಿಯೊಂದರ ಎದುರಿಗೂ ಅದನ್ನು ಯಾರು ಮಾಡಿಸಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ: ಪಠ್ಯಕ್ರಮವೇ, ಮೇಷ್ಟ್ರೇ, ಸ್ಪರ್ಧೆಯೇ, ನೀವೇ? ಯಾರೂ ಕೇಳದಿದ್ದರೂ ನೀವಾಗಿಯೇ ಮಾಡಿದ ಕೆಲಸಗಳ ಪಟ್ಟಿ ಚಿಕ್ಕದಾಗಿರುತ್ತದೆ. ಮುಂದಿನ ಕೆಲಸದ ಸುಳಿವು ಇರುವುದು ಅಲ್ಲೇ. ಅಂಕಪಟ್ಟಿಯಲ್ಲಿರುವ ವಿಭಾಗದ ಹೆಸರಿಗೆ ಈ ಹಂತದಲ್ಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಆರ್. ಎಂ. ಹಡಪದ್ ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ, 1986ರ ಹೊತ್ತಿಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ್ದು ಚಿತ್ರಕಲೆಯನ್ನು. 1990ರ ದಶಕದಲ್ಲಿ ಅವರು ಸೆಗಣಿ, ಕುಂಕುಮ, ಸೂಜಿ, ದಾರಗಳತ್ತ ತಿರುಗಿದರು, ಜಗತ್ತು ಅವರನ್ನು ಗುರುತಿಸಿದ್ದು ಆ ಕೆಲಸಗಳಿಂದ. ಶಿಲ್ಪಕಲೆ ಓದಿದ ಪುಷ್ಪಮಾಲಾ ಎನ್. ಅವರು ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಲ್ಲುವ ಛಾಯಾಚಿತ್ರ ಸರಣಿಗಳಿಗೆ ಹೊರಳಿದರು.

ಲೆಕ್ಕದ ಜೊತೆಗೇ ದಾಖಲೆಯನ್ನೂ ಮುಗಿಸಿಬಿಡಬೇಕು, ಏಕೆಂದರೆ ಮೂರು ವರ್ಷದ ನಂತರ ಯಾವ ಚಿತ್ರ ಯಾವ ಅಳತೆಯದಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ವರಾಂಡದ ಗೋಡೆಗೆ ಚಿತ್ರವನ್ನು ನೇತುಹಾಕಿ, ಕ್ಯಾಮೆರಾದ ಲೆನ್ಸು ಚಿತ್ರದ ನಟ್ಟನಡುವಿನ ಎತ್ತರಕ್ಕೆ ಸರಿಯಾಗಿ ಬರುವಂತೆ ನಿಲ್ಲಿಸಿಕೊಳ್ಳಿ. ಮೊಬೈಲಿನಲ್ಲಿ ತೆಗೆಯುವುದಾದರೆ ಚಿತ್ರದ ಹತ್ತಿರ ಹೋಗಬೇಡಿ. ನಾಲ್ಕು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡಿದರೆ ಅಂಚುಗಳು ಹೊರಕ್ಕೆ ಉಬ್ಬಿದಂತೆ ಕಾಣುವುದಿಲ್ಲ. ಶಿಲ್ಪವಾದರೆ ಕನಿಷ್ಠ ಮೂರು ದಿಕ್ಕಿನಿಂದ ತೆಗೆದು, ಗಾತ್ರ ತಿಳಿಯುವಂತೆ ಪಕ್ಕದಲ್ಲಿ ಮನುಷ್ಯನೊಬ್ಬ ನಿಂತಿರುವ ಒಂದು ಚಿತ್ರವನ್ನೂ ಇಟ್ಟುಕೊಳ್ಳಿ. ಪ್ರತಿ ಕಡತದ ಹೆಸರಿನಲ್ಲೇ ವರ್ಷ, ಶೀರ್ಷಿಕೆ, ಮಾಧ್ಯಮ, ಅಳತೆ ಇರಲಿ. ಇದೇ ವಿವರವನ್ನು ಕೃತಿಯ ಹಿಂಬದಿಯಲ್ಲೂ ಬರೆಯಿರಿ, ಕಾಗದವಾದರೆ ಪೆನ್ಸಿಲಿನಲ್ಲಿ, ಏಕೆಂದರೆ ಬಾಲ್‌ಪೆನ್ನಿನ ಶಾಯಿ ವರ್ಷಗಳು ಕಳೆದಂತೆ ಮುಂಬದಿಗೆ ಇಳಿಯಬಹುದು. ಮಲೆನಾಡು ಮತ್ತು ಕರಾವಳಿಯವರಿಗೆ ಇನ್ನೊಂದು ಮಾತು: ಕಾಗದದ ಕೆಲಸಗಳ ನಡುವೆ ಆಮ್ಲರಹಿತ ಹಾಳೆ ಹಾಕಿ, ನೆಲದಿಂದ ಮೇಲೆ ಹಲಗೆಯ ಮೇಲೆ, ಹೊರಗೋಡೆಗೆ ತಾಗದಂತೆ ಇಡದಿದ್ದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಇನ್ನು ಜಾಗದ ವಿಷಯ. ಚಿತ್ರಕಾರರು ಮನೆಯ ಮೂಲೆಯಲ್ಲಾದರೂ ಕೆಲಸ ಮುಂದುವರಿಸಬಹುದು, ಆದರೆ ಗ್ರಾಫಿಕ್ಸ್ (ಅಚ್ಚುಕಲೆ) ಮತ್ತು ಶಿಲ್ಪ ವಿಭಾಗದವರಿಗೆ ಪದವಿಯ ಮಾರನೆಯ ದಿನವೇ ಮಾಧ್ಯಮ ಕೈತಪ್ಪುತ್ತದೆ. ಆಮ್ಲದಿಂದ ಕೊರೆದ ಲೋಹದ ತಟ್ಟೆಯಿಂದ ಚಿತ್ರ ಅಚ್ಚು ಹಾಕುವ ಎಚಿಂಗ್ ಪ್ರೆಸ್ ಎಂಬುದು ಬಾಡಿಗೆಯ ಕೋಣೆಗೆ ಹೊತ್ತೊಯ್ಯುವ ವಸ್ತುವಲ್ಲ. ನಾಲ್ಕು ವರ್ಷ ಸತುವಿನ ತಟ್ಟೆಯನ್ನು ಆಮ್ಲದಲ್ಲಿ ಅದ್ದಿ ಕೈ ಪಳಗಿಸಿಕೊಂಡವರು ಅದನ್ನು ಅಲ್ಲಿಗೇ ಬಿಟ್ಟುಬಿಡುವುದಕ್ಕೆ ಆಸಕ್ತಿಯ ಕೊರತೆಗಿಂತ ಪ್ರೆಸ್ಸಿನ ಕೊರತೆಯೇ ಕಾರಣ. ಇದಕ್ಕೆ ಮೂರು ದಾರಿಗಳಿವೆ. ಲಿನೋ ಮತ್ತು ಮರದ ಅಚ್ಚಿಗೆ ಪ್ರೆಸ್ ಬೇಕೇ ಬೇಕೆಂದಿಲ್ಲ, ತೆಳುವಾದ ಕಾಗದದ ಬೆನ್ನ ಮೇಲೆ ಮರದ ಚಮಚದಿಂದ ಉಜ್ಜಿಯೂ ಒಳ್ಳೆಯ ಪ್ರತಿ ತೆಗೆಯಬಹುದು. ಎರಡನೆಯದು, ನೀವು ಓದಿದ ವಿಭಾಗದಲ್ಲೇ ರಜೆಯ ತಿಂಗಳುಗಳಲ್ಲಿ ಪ್ರೆಸ್ ಬಳಸಲು ಲಿಖಿತ ಅನುಮತಿ ಕೇಳುವುದು; ಬಾಯಿಮಾತಿನಲ್ಲಿ ಕೇಳಿದರೆ ಸಿಗದ್ದು ಅರ್ಜಿ ಕೊಟ್ಟರೆ ಎಷ್ಟೋ ಸಲ ಸಿಗುತ್ತದೆ. ಮೂರನೆಯದು, ಕೇಂದ್ರ ಲಲಿತಕಲಾ ಅಕಾಡೆಮಿಯ ಚೆನ್ನೈ ಪ್ರಾದೇಶಿಕ ಕೇಂದ್ರದಂಥ ಕಡೆ ಇರುವ ಸಾಮುದಾಯಿಕ ಸ್ಟುಡಿಯೋ. ಕಲ್ಲಿನಲ್ಲಿ ಕೆಲಸ ಮಾಡುವವರು ಕೋಲಾರ ಜಿಲ್ಲೆಯ ಶಿವಾರಪಟ್ಟಣದಂಥ ಶಿಲ್ಪಿಗಳ ಊರನ್ನು ಮರೆಯಬಾರದು. ಕಲ್ಲು, ಉಳಿ ಹದಮಾಡುವ ಕುಲುಮೆ, ಭಾರ ಎತ್ತುವ ಜನ ಎಲ್ಲವೂ ಒಂದೇ ಬೀದಿಯಲ್ಲಿರುವ ಊರಿನ ಅನುಕೂಲ ನಗರದ ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ.

ಮೂರು ನಾಲ್ಕು ಜನ ಸೇರಿ ಊರಂಚಿನಲ್ಲಿ ಶೀಟಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿಯುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ. ಆದರೆ ಕರಾರಿನಲ್ಲಿ ಯಾರ ಹೆಸರಿದೆ, ನಡುವೆ ಒಬ್ಬರು ಬಿಟ್ಟುಹೋದರೆ ಮುಂಗಡ ಹಣದಲ್ಲಿ ಅವರ ಪಾಲು ಏನು, ಕರೆಂಟು ಬಿಲ್ಲು ಯಾರದು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಟರ್ಪೆಂಟೈನ್ ಬಳಸುವ ಕೋಣೆಯಲ್ಲಿ ಮಲಗಬೇಡಿ.

ಟೀಕೆಯನ್ನು ಮರಳಿ ಪಡೆಯುವುದು ಜಾಗ ಪಡೆಯುವುದಕ್ಕಿಂತ ಕಷ್ಟ. ಕಾಲೇಜಿನಲ್ಲಿ ಯಾರೋ ಸಂಬಳಕ್ಕಾಗಿ ನಿಮ್ಮ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದರು. ಹೊರಗೆ ಸಿಗುವುದು ಮೊಬೈಲಿನ ಹೃದಯದ ಚಿಹ್ನೆಗಳು ಮಾತ್ರ, ಅವು ಟೀಕೆಯಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಜಾಗದಲ್ಲಿ ಐದಾರು ಜನ ಸೇರಿ, ಕೃತಿ ತೋರಿಸುವವರು ಮೊದಲ ಕಾಲು ಗಂಟೆ ಬಾಯಿ ತೆರೆಯಬಾರದೆಂಬ ಒಂದೇ ನಿಯಮವಿಟ್ಟುಕೊಂಡರೆ ಸಾಕು. ನೋಡುವವರಿಗೆ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಆ ಗುಂಪಿನಲ್ಲಿ ಕಲೆ ಓದದ ಒಬ್ಬರಾದರೂ ಇರಲಿ, ಕವಿಯೋ ರಂಗಕರ್ಮಿಯೋ ಯಾರಾದರೂ ಸರಿ. ಬೆಂಗಳೂರಿನಲ್ಲಿರುವವರಿಗೆ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರ ಒನ್ ಶಾಂತಿರೋಡ್ ಎಂಬ ಕಲಾತಾಣದಂಥ ಕಡೆ ನಡೆಯುವ ಕಲಾವಿದರ ಮಾತುಕತೆಗಳೂ ಇವೆ.

ಹೊಟ್ಟೆಪಾಡಿನ ಪ್ರಶ್ನೆಯನ್ನು ಹಿರಿಯರು ಬಗೆಹರಿಸಿದ ರೀತಿಗಳನ್ನು ನೋಡುವುದು ಉಪಯುಕ್ತ. ಮೈಸೂರಿನಲ್ಲಿ ಹುಟ್ಟಿ ಮದ್ರಾಸಿನ ಕಲಾಶಾಲೆಯಲ್ಲಿ ಓದಿದ ಎಸ್. ಜಿ. ವಾಸುದೇವ್ ಅವರು, ಗುರು ಕೆ. ಸಿ. ಎಸ್. ಪಣಿಕ್ಕರ್ ಮತ್ತು ಸಹಪಾಠಿಗಳೊಂದಿಗೆ ಸೇರಿ 1966ರಲ್ಲಿ ಮದ್ರಾಸಿನ ಬಳಿ ಚೋಳಮಂಡಲ ಕಲಾವಿದರ ಗ್ರಾಮವನ್ನು ಕಟ್ಟಿದರು. ಅವರೆಲ್ಲ ಬಾಟಿಕ್ ಬಟ್ಟೆ ಮತ್ತು ಕರಕುಶಲ ವಸ್ತುಗಳನ್ನು ಮಾಡಿ ಮಾರಿ ಸಮುದ್ರದಂಡೆಯ ಆ ಜಮೀನಿಗೆ ಹಣ ಹೊಂದಿಸಿದರು. ಕರಕುಶಲ ಕೆಲಸದಿಂದ ಅನ್ನ, ಉಳಿದ ಹೊತ್ತು ಚಿತ್ರ ಎಂಬ ಹಂಚಿಕೆಯನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ಯೂಸುಫ್ ಅರಕ್ಕಲ್ ಅವರು ಪೂರ್ಣಾವಧಿ ಕಲಾವಿದರಾಗುವ ಮೊದಲು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವರ್ಷಗಟ್ಟಲೆ ದುಡಿದವರು. ನನ್ನ ಅಭಿಪ್ರಾಯದಲ್ಲಿ, ದಿನವಿಡೀ ಚಿತ್ರವನ್ನೇ ಬರೆಸುವ ಉದ್ಯೋಗಕ್ಕಿಂತ ಚಿತ್ರಕ್ಕೆ ಸಂಬಂಧವೇ ಇಲ್ಲದ ಉದ್ಯೋಗ ಎಷ್ಟೋ ಸಲ ಲೇಸು. ಅನಿಮೇಷನ್ ಸಂಸ್ಥೆಯಲ್ಲಿ ಹತ್ತು ಗಂಟೆ ಇನ್ನೊಬ್ಬರ ಗೆರೆ ಎಳೆದ ಕೈಗೆ ರಾತ್ರಿ ತನ್ನ ಗೆರೆ ಎಳೆಯುವ ಹಸಿವು ಉಳಿಯುವುದು ಅಪರೂಪ. ಅನ್ವಯಿಕ ಕಲೆ ಓದಿದವರು ಇದನ್ನು ಒಪ್ಪಲಿಕ್ಕಿಲ್ಲ. ವಿನ್ಯಾಸವೇ ಅವರ ಕಲೆ, ಹಾಗಾಗಿ ಈ ಮಾತು ಅವರಿಗೆ ಅನ್ವಯಿಸುವುದೂ ಇಲ್ಲ.

ಕಮಿಷನ್ ಕೆಲಸ ಹಿಡಿಯುವವರು ಮೊದಲು ತಿಳಿಯಬೇಕಾದದ್ದು 1957ರ ಕೃತಿಸ್ವಾಮ್ಯ ಕಾಯಿದೆಯನ್ನು, ಮತ್ತು ಅದನ್ನು ಯಾವ ಕಾಲೇಜೂ ಸರಿಯಾಗಿ ಕಲಿಸುವಂತೆ ತೋರುವುದಿಲ್ಲ. ಸಾಮಾನ್ಯವಾಗಿ ಕೃತಿಯ ಮೊದಲ ಹಕ್ಕು ರಚಿಸಿದವರದೇ. ಆದರೆ 17ನೇ ಸೆಕ್ಷನ್ನಿನ ಪ್ರಕಾರ ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೆ ಹೋಗುತ್ತದೆ; ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಮಾಲೀಕರದು. ಆದ್ದರಿಂದ ಹೋಟೆಲಿನ ಗೋಡೆಗೆ ಬರೆದ ಚಿತ್ರವನ್ನು ಆ ಹೋಟೆಲು ನಾಳೆ ಕ್ಯಾಲೆಂಡರಿನಲ್ಲೂ ಟೀ ಶರ್ಟಿನಲ್ಲೂ ಅಚ್ಚು ಹಾಕಿಸಬಾರದೆಂದಿದ್ದರೆ, ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ ಎಂಬ ಒಂದು ಸಾಲು ಕೆಲಸ ಶುರುವಾಗುವ ಮುನ್ನ ಒಪ್ಪಂದದಲ್ಲಿರಬೇಕು. ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಹಕ್ಕು ಮಾರಿದ ಮೇಲೂ ಕೃತಿಯನ್ನು ತಿರುಚಿ ನಿಮ್ಮ ಗೌರವಕ್ಕೆ ಧಕ್ಕೆ ತರುವುದನ್ನು ಪ್ರಶ್ನಿಸುವ ಅಧಿಕಾರ 57ನೇ ಸೆಕ್ಷನ್ನಿನಲ್ಲಿದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಅಮರನಾಥ್ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧ ಹೋರಾಡಿ, 2005ರಲ್ಲಿ ದೆಹಲಿ ಹೈಕೋರ್ಟಿನಿಂದ ಅದರ ಅವಶೇಷಗಳನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಪಡೆದದ್ದು ಇದೇ ಸೆಕ್ಷನ್ನಿನ ಬಲದಿಂದ.

ಒಪ್ಪಂದದ ಉಳಿದ ಭಾಗ ಸರಳ: ಅರ್ಧ ಹಣ ಮುಂಗಡ, ಕರಡಿನ ತಿದ್ದುಪಡಿ ಎರಡು ಸಲಕ್ಕೆ ಸೀಮಿತ, ನಡುವೆ ಕೆಲಸ ನಿಲ್ಲಿಸಿದರೆ ಎಷ್ಟು ಕೊಡಬೇಕು ಎಂಬುದರ ಸ್ಪಷ್ಟ ಮಾತು. ಬೆಲೆ ಕಟ್ಟುವಾಗ ಸಾಮಗ್ರಿ, ಚೌಕಟ್ಟು, ಸಾಗಣೆಯ ಖರ್ಚಿಗೆ ನಿಮ್ಮ ದಿನಗಳ ಕೂಲಿಯನ್ನು ಸೇರಿಸಿ; ಗ್ಯಾಲರಿಗಳು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಹಿಡಿಯುವುದರಿಂದ, ಅದನ್ನು ಕಳೆದ ಮೇಲೂ ನಷ್ಟವಾಗದ ಮೊತ್ತವನ್ನು ನಿಗದಿಮಾಡಿ. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಇನ್ನೊಂದು ಎಂದಾದರೆ ಸುದ್ದಿ ಬೇಗ ಹಬ್ಬುತ್ತದೆ, ಆಮೇಲೆ ಗ್ಯಾಲರಿಯವರು ಫೋನು ಎತ್ತುವುದಿಲ್ಲ.

ಜ್ಯೂರಿಯ ಬದಲಿಗೆ ನಿಮಗೆ ನೀವೇ ಗಡುವುಗಳನ್ನು ಹಾಕಿಕೊಳ್ಳಬೇಕು. ಪ್ರತಿವರ್ಷ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆ ಹೊಸಬರಿಗೆ ಒಳ್ಳೆಯ ದಿನಾಂಕ. ಅಲ್ಲಿ ಚಿಕ್ಕ ಅಳತೆಯ, ಕೈಯಲ್ಲಿ ಹಿಡಿದೊಯ್ಯಬಹುದಾದ ಕೆಲಸಗಳು ಬೇಗ ಕೈಬದಲಾಗುತ್ತವೆ, ಆದರೆ ಅಲ್ಲಿ ಮಾರಾಟವಾಗದ್ದು ಕಳಪೆಯೆಂದು ತೀರ್ಮಾನಿಸಬೇಡಿ. ವಿದ್ಯಾರ್ಥಿವೇತನಗಳ ವಿಷಯದಲ್ಲಿ ವಯಸ್ಸನ್ನು ಗಮನಿಸಿ: ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ಕಿರಿಯ ಫೆಲೋಶಿಪ್ 25ರಿಂದ 40ರವರಿಗೆ, ಎರಡೂ ಎರಡು ವರ್ಷದ ಅವಧಿಯವು. ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಪದವಿ ಮುಗಿಸಿದವರಿಗೆ ಮೊದಲನೆಯದರ ಬಾಗಿಲು ಬಹಳ ದಿನ ತೆರೆದಿರುವುದಿಲ್ಲ. ಕಲಾ ಯೋಜನೆಗಳಿಗೆ ಧನಸಹಾಯ ಕೊಡುವ, ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಸಂಸ್ಥೆ ಕನ್ನಡದಲ್ಲಿ ಬರೆದ ಪ್ರಸ್ತಾವವನ್ನೂ ಸ್ವೀಕರಿಸುತ್ತದೆ, ಇಂಗ್ಲಿಷಿಗೆ ಹೆದರಿ ಅರ್ಜಿ ಹಾಕದೆ ಕೂರಬೇಕಾಗಿಲ್ಲ. ಅರ್ಜಿಗೆ ಬೇಕಾಗುವ ಕಲಾವಿದರ ಹೇಳಿಕೆಯನ್ನು ಬರೆಯುವಾಗ ಅಸ್ಮಿತೆ, ಅಂತರಂಗ, ಸಮಕಾಲೀನ ತಲ್ಲಣ ಮುಂತಾದ ಮಾತುಗಳನ್ನು ಪಕ್ಕಕ್ಕಿಟ್ಟು, ಏನನ್ನು, ಯಾವುದರಿಂದ, ಹೇಗೆ ಮಾಡುತ್ತೀರಿ ಎಂಬುದನ್ನು ಮೊದಲ ಎರಡು ವಾಕ್ಯಗಳಲ್ಲೇ ಹೇಳಿಬಿಡಿ.

ಎಂವಿಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ, ಮಾಡಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಕಾಲೇಜಿನಲ್ಲಿ ಪಾಠ ಹೇಳುವ ಉದ್ದೇಶವಿದ್ದರೆ ಸ್ನಾತಕೋತ್ತರ ಪದವಿಯೂ, ದೃಶ್ಯಕಲೆ ವಿಷಯದಲ್ಲಿ ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯ ತಯಾರಿಯೂ ಸಾಮಾನ್ಯವಾಗಿ ಬೇಕಾಗುತ್ತದೆ. ಕಲಾಭ್ಯಾಸಕ್ಕಾಗಿಯೇ ಆದರೆ ಪದವಿಯ ಮರುವರ್ಷವೇ ಹೋಗುವುದಕ್ಕಿಂತ ಒಂದೆರಡು ವರ್ಷ ಹೊರಗಿದ್ದು, ಯಾರೂ ಕೇಳದೆ ಕೆಲಸ ಮಾಡಿ ನೋಡಿ, ಎಲ್ಲಿ ನಿಂತುಹೋದೆವು ಎಂಬುದು ತಿಳಿದ ಮೇಲೆ ಹೋಗುವುದು ಒಳ್ಳೆಯದು. ಬರೋಡಕ್ಕೋ ಶಾಂತಿನಿಕೇತನಕ್ಕೋ ಅರ್ಜಿ ಹಾಕುವ ಮೊದಲು ಆ ವಿಭಾಗದ ವಾರ್ಷಿಕ ಪ್ರದರ್ಶನವನ್ನು ಹೋಗಿ ನೋಡಿ, ಅಧ್ಯಾಪಕರಿಗಿಂತ ಮುಂಚೆ ಅಲ್ಲಿನ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಸ್ಟುಡಿಯೋಗೆ ಎಷ್ಟು ಗಂಟೆಗೆ ಬೀಗ ಹಾಕುತ್ತಾರೆಂದು ಕೇಳಿಕೊಂಡು ಬನ್ನಿ.